ವಠಾರದೊಳಗಿನ ವಠಾರ

ಬೇಯಿಸಿದ ಅಡಿಕೆ ಅಂಗಳಕ್ಕೆ ಬಿದ್ದ ಮೇಲೆ ಅಮ್ಮನಿಗೆ ಮಳೆಯದೇ ಚಿಂತೆ. ಸಾಗರದ ಹತ್ತಿರದ ನಮ್ಮ ಮನೆಯಂಗಳವನ್ನು ಬೆಂಗಳೂರಿನಲ್ಲಿ ಕೂತೇ ನೋಡಿ, ಮೋಡ ಕವಿದರೆ ಅವಳಿಗೆ ಫೋನು ಮಾಡೋಣವೆಂದು ನಾನೊಂದು ಹಳೇ ಕ್ಯಾಮೆರಾ ಹಾಕಿದೆ. "ಮೋಡ ಕಾಣೋಕೆ ನಂಗೇನು ಕಣ್ಣಿಲ್ವನೋ?" ಅಂದಳು. ಆ ಮಾತು ಅಲ್ಲಿಗೇ ಒಪ್ಪಿಕೊಂಡಿದ್ದರೆ ನನ್ನದೊಂದು ಭಾನುವಾರ ಉಳಿಯುತ್ತಿತ್ತು.

ಇಂಥ ಹಳೇ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಆಗಬೇಕು. ರೂಟರೆಂದರೆ ವಠಾರದ ಯಜಮಾನ. ಬೀದಿಗೆ ಕಾಣುವುದು ಒಂದೇ ಡೋರ್ ನಂಬರು. ಒಳಗೆ ಟಿವಿ, ಮೊಬೈಲು, ಕ್ಯಾಮೆರಾ ಎಲ್ಲ 192.168ರಿಂದ ಶುರುವಾಗುವ ನಂಬರಿನ ಬಾಡಿಗೆದಾರರು. ಒಳಗಿನವರು ಹೊರಗೆ ಕಾಗದ ಬರೆದರೆ ಯಜಮಾನ ಗುರುತು ಹಾಕಿಟ್ಟುಕೊಂಡು, ಉತ್ತರ ಬಂದಾಗ ಸರಿಯಾದ ಕೋಣೆಗೆ ಮುಟ್ಟಿಸುತ್ತಾನೆ. ಕರೆಯದೆ ಬಂದವರನ್ನು ಮಾತ್ರ, ಮನೆಮಗನಾದರೂ ಸರಿ, ಬಾಗಿಲಿಂದಲೇ ಸಾಗಹಾಕುತ್ತಾನೆ. "554ನೇ ಬಾಗಿಲು, ಅಂದರೆ ಪೋರ್ಟು, ಕೇಳಿಕೊಂಡು ಬಂದವರನ್ನು ಕ್ಯಾಮೆರಾದ ಕೋಣೆಗೆ ಬಿಡು" ಎಂದು ಅವನ ಕಿವಿಯಲ್ಲಿ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ನಮ್ಮ ಮನೆಗೆ ಇರುವುದು ಎರಡೇ ಬಾಗಿಲು. ಅಂಗೈಯಗಲದ ಈ ಡಬ್ಬಿಗೆ 65,535!

ಪಾಸ್‌ವರ್ಡು ರೂಟರಿನ ಬೆನ್ನ ಮೇಲಿತ್ತು, ರೂಟರು ಗೋಡೆಗೆ ಬೆನ್ನು ಕೊಟ್ಟಿತ್ತು. ಸ್ಟೂಲು ಹತ್ತಿ, ಅಮ್ಮನ ಕುಂಕುಮದ ಕನ್ನಡಿ ಹಿಡಿದು ಉಲ್ಟಾ ಓದಿ ಒಳಹೊಕ್ಕೆ. ನಿಯಮ ಬರೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಕ್ಯಾಮೆರಾ ಕೋಣೆ ಬದಲಿಸಿತ್ತು. ನನ್ನ ನಿಯಮ ಈಗ ಟಿವಿಯ ಬಾಗಿಲು ತಟ್ಟುತ್ತಿತ್ತು. ಕ್ಯಾಮೆರಾಕ್ಕೆ ಒಂದೇ ನಂಬರು ಕಾಯಂ ಮಾಡಿದೆ.

ಅದಕ್ಕೆ ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನೂ ಬದಲಿಸಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹಾಗೇ ಬಿಟ್ಟ ಪಾಸ್‌ವರ್ಡುಗಳಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರುಗಳಿಗೆ ನುಗ್ಗಿತ್ತಲ್ಲ. ಇದನ್ನು ಹೇಳಿದರೆ ಅಮ್ಮ, "ಯಾವನೋ ಆ ಮಾರಾಯ? ಅಡಿಕೆ ಕದೀತಾನಾ?" ಅಂದಳು.

ಮನೆಯ ವೈಫೈಯಲ್ಲಿ ಅಂಗಳ ಚೆನ್ನಾಗಿ ಕಂಡಿತು. ಕಿಟಕಿಯಲ್ಲೂ ಕಾಣುತ್ತಿತ್ತೆನ್ನಿ. ಮೊಬೈಲ್ ಡೇಟಾಕ್ಕೆ ಬದಲಿಸಿದೆ, ಕತ್ತಲೆ. ಮೂರು ಗಂಟೆ ತಡಕಾಡಿದ ಮೇಲೆ ರೂಟರಿನ ಹೊರವಿಳಾಸದ ಮೇಲೆ ಕಣ್ಣು ಬಿತ್ತು: 100.72ರಿಂದ ಶುರು, ಬೀದಿಯದಲ್ಲ, ಇಂಟರ್ನೆಟ್ ಕಂಪನಿಯ ಒಳಗಿನ ನಂಬರು. ಅಂದರೆ ನಮ್ಮ ಯಜಮಾನನೇ ಇನ್ನೊಂದು ದೊಡ್ಡ ವಠಾರದ ಬಾಡಿಗೆದಾರ! ಹಳೇ ಬಗೆಯ ಇಂಟರ್ನೆಟ್ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಸಾಲದಾಗಿ, ಕಂಪನಿಯವರು ಒಂದೊಂದರ ಹಿಂದೆ ಹಲವು ಮನೆ ಕೂರಿಸುತ್ತಾರೆ. ನಾನು ಇಡೀ ದಿನ ಕೊರೆದು ತೆಗೆದ ಬಾಗಿಲು ಬೀದಿಗಲ್ಲ, ಪಕ್ಕದ ಗೋಡೆಗೆ ತೆರೆದುಕೊಂಡಿತ್ತು. ಫೋನು ಮಾಡಿದರೆ, ತಿಂಗಳಿಗಿಷ್ಟು ಹೆಚ್ಚಿಗೆ ಕೊಟ್ಟರೆ ಸ್ವಂತ ವಿಳಾಸ ಕೊಡುತ್ತೇವೆ ಅಂದರು.

ಅಷ್ಟರಲ್ಲಿ ಹೊರಗೆ ಪಟಪಟ ಸದ್ದು. ಮೋಡ ಕವಿದದ್ದು ಕ್ಯಾಮೆರಾ ಹಿಡಿದು ಕೂತಿದ್ದ ನನಗೆ ಗೊತ್ತೇ ಆಗಿರಲಿಲ್ಲ. ಅಮ್ಮ ಆಗಲೇ ಅರ್ಧ ಅಡಿಕೆ ಬಾಚಿದ್ದಳು.

ನೀವೂ ಈ ಕೆಲಸಕ್ಕೆ ಇಳಿಯುವವರಾದರೆ ಮೊದಲು ರೂಟರಿನ ಹೊರವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಅಲ್ಲಿಗೇ ಸ್ಟೂಲಿಂದ ಇಳಿದುಬಿಡಿ.