ದ್ವೀಪಲಂಘನ ಮೀಮಾಂಸೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮೊದಲು ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳ ಪರಸ್ಪರ ಸಂಬಂಧವೆಂತಹುದು ಎಂಬ ನಾಲ್ಕು ಮಾತುಗಳನ್ನು ಹೇಳಿಯೇ ಮುಂದುವರಿಯುವುದು ನಮ್ಮ ಪೂರ್ವಾಚಾರ್ಯರ ಸಂಪ್ರದಾಯವಾದುದರಿಂದ, ನಾಲ್ಕು ಆಸನಗಳ ಸ್ವಂತ ವಿಮಾನವೊಂದರಲ್ಲಿ ಕುಳಿತು ಬಹಾಮ ದ್ವೀಪಸಮೂಹದ ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರಿ, ಇಳಿದು, ಮತ್ತೆ ಹಾರುವ ಈ ಅರ್ವಾಚೀನ ವಿದ್ಯೆಯ ವಿಚಾರದಲ್ಲಿಯೂ ಆ ಕ್ರಮವನ್ನೇ ಅನುಸರಿಸತಕ್ಕದ್ದು. ವಿಷಯವು ಸ್ಪಷ್ಟವಾಗಿದೆ: ಅಮೆರಿಕದ ಫ್ಲಾರಿಡಾ ತೀರದ ಪೂರ್ವಕ್ಕೂ ಆಗ್ನೇಯಕ್ಕೂ, ಕೇರುವಾಗ ಮೊರದಿಂದ ಚೆಲ್ಲಿದ ಅಕ್ಕಿಯಂತೆ ಹರಡಿಕೊಂಡಿರುವ ಸುಮಾರು 700 ದ್ವೀಪಗಳು ಮತ್ತು ಅಲ್ಲಿಯವರು ಕೀ ಎಂದು ಕರೆಯುವ 2000ಕ್ಕೂ ಮಿಕ್ಕ ಮರಳುದಿಬ್ಬಗಳು. ಪ್ರಯೋಜನವು ಈಜುವ ಹಂದಿಗಳ ದರ್ಶನ. ಅಧಿಕಾರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ವಿಸ್ತರಿಸಬೇಕಾಗಿದೆ. ವೇದಾಂತದ ಅಧಿಕಾರಿಗೆ ವಿವೇಕ, ವೈರಾಗ್ಯ, ಶಮಾದಿಷಟ್ಕ, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳಿದ್ದರೆ ಸಾಕು. ಇಲ್ಲಿಯವನಿಗೆ ಪೈಲಟ್ ಲೈಸೆನ್ಸು, ವೈದ್ಯರ ಪ್ರಮಾಣಪತ್ರ, ಪಾಸ್‌ಪೋರ್ಟು, ರೇಡಿಯೋದಲ್ಲಿ ಮಾತನಾಡುವ ಅಪ್ಪಣೆ ಎಂಬ ನಾಲ್ಕರ ಜೊತೆಗೆ, ವಿಮಾನದ ಪೆಟ್ರೋಲಿನ ಬೆಲೆಯನ್ನು ಕೇಳಿಯೂ ವಿಚಲಿತವಾಗದಂತಹ ದ್ರವ್ಯವಿಷಯಕ ವೈರಾಗ್ಯವೂ ಇರಬೇಕು. ಸಂಬಂಧವೆಂಬುದು ಬ್ಯಾಂಕಿಗೂ ಅವನಿಗೂ ಇರುವಂತಹುದು. ಅದನ್ನು ಇಲ್ಲಿ ವಿಚಾರಿಸುವುದಿಲ್ಲ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ವಿಮಾನವಿದೆ, ನಡೆಸಬಲ್ಲವನಿದ್ದಾನೆ, ಎದುರಿಗೆ ಸಮುದ್ರವಿದೆ, ಅದರಾಚೆಗೆ ದ್ವೀಪವಿದೆ, ಹತ್ತಿ ಕುಳಿತು ಹೋಗುವುದನ್ನು ಬಿಟ್ಟು ಮೀಮಾಂಸೆಯೇತಕ್ಕೆ ಎಂದು ಆಕ್ಷೇಪಿಸುತ್ತಾನೆ. ಈತನು ಎಂದೂ ಹಾರಿದವನಲ್ಲವೆಂಬುದು ಆಕ್ಷೇಪದಿಂದಲೇ ಸಿದ್ಧವಾಗುತ್ತದೆ. ಮಯಾಮಿಯ ತೀರದಿಂದ ಬಹಾಮದ ಹೆಬ್ಬಾಗಿಲಾದ ಬಿಮಿನಿಗೆ ಸುಮಾರು 45 ನಾಟಿಕಲ್ ಮೈಲಿ; 1956ರಿಂದ ತಯಾರಾಗತೊಡಗಿ, ಈವರೆಗೆ 44,000ಕ್ಕೂ ಮೀರಿ ಹುಟ್ಟಿ, ಸಂತಾನಸಂಖ್ಯೆಯಲ್ಲಿ ಲೋಕದ ಸಕಲ ವಿಮಾನಗಳನ್ನೂ ಹಿಂದಿಕ್ಕಿರುವ ಸೆಸ್ನಾ 172 ಎಂಬ ಲಘುವಿಮಾನವು ಸುಮಾರು 120 ನಾಟ್ ವೇಗದಿಂದ ಈ ದೂರವನ್ನು ಅರ್ಧ ಗಂಟೆಯೊಳಗೆ ಕ್ರಮಿಸುತ್ತದೆ. ಆ ಅರ್ಧ ಗಂಟೆಗೆ ಬೇಕಾದ ಸಿದ್ಧತೆಯಾದರೋ ಒಂದು ಇಡೀ ಚಳಿಗಾಲವನ್ನು ನುಂಗಿಯೂ ತೃಪ್ತಿಹೊಂದುವುದಿಲ್ಲ. ಕಾಲದಲ್ಲಿಯೂ ಕಾಗದದಲ್ಲಿಯೂ ಕಳವಳದಲ್ಲಿಯೂ ಅಧಿಕವಾದದ್ದು ಪ್ರಧಾನವೆಂದೂ ಅಲ್ಪವಾದದ್ದು ಅದರ ಅಂಗವೆಂದೂ ಒಪ್ಪುವುದಾದರೆ, ಯೋಜನೆಯೇ ಯಾಗ, ಹಾರಾಟವು ಕೊನೆಯಲ್ಲಿ ಮಾಡುವ ಅವಭೃಥಸ್ನಾನ ಎಂಬುದೇ ಈ ಗ್ರಂಥದ ಸಿದ್ಧಾಂತ. ಆ ಸ್ನಾನವು ಅಕ್ಷರಶಃ ಆಗದಿರುವಂತೆ ನೋಡಿಕೊಳ್ಳುವುದೇ ಯೋಜನೆಯ ಗುರಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಶಾಸ್ತ್ರದ ಮೂಲವನ್ನು ಹುಡುಕುವವರು ಅಮೆರಿಕಕ್ಕೆ ಹೋಗಬೇಕಾದುದಿಲ್ಲ. ಹಂಪೆಯ ಬಳಿಯ ಆನೆಗೊಂದಿಯ ಪ್ರಾಂತವೇ ಕಿಷ್ಕಿಂಧೆಯೆಂದು ನಂಬುವ ನಮಗೆ ಅದು ಮನೆಯ ಮಾತೇ ಆಗಿದೆ. ನೂರು ಯೋಜನದ ಸಮುದ್ರವನ್ನು ಕಂಡು ಕಂಗೆಟ್ಟ ಕಪಿಗಳು ತೀರದಲ್ಲಿ ಸಭೆ ಸೇರಿ, ಗಜನು ಹತ್ತು ಯೋಜನ ಹಾರಬಲ್ಲೆನೆಂದೂ, ಗವಾಕ್ಷನು ಇಪ್ಪತ್ತೆಂದೂ, ಹೀಗೆಯೇ ಏರುತ್ತ ಬಂದು ಮುದಿ ಜಾಂಬವಂತನು ತೊಂಬತ್ತೆಂದೂ ತಮ್ಮ ತಮ್ಮ ವ್ಯಾಪ್ತಿಯನ್ನು ಘೋಷಿಸಿದ ಪ್ರಸಂಗವು ಲೋಕದ ಮೊತ್ತಮೊದಲ ಫ್ಲೈಟ್ ಪ್ಲಾನಿಂಗ್ ಸಭೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅಲ್ಲಿ ಅಂಗದನು ಆಡಿದ ಮಾತು ಚಿರಸ್ಮರಣೀಯವಾದದ್ದು: ನೂರು ಯೋಜನ ಹೋಗಬಲ್ಲೆ, ಹಿಂದಿರುಗಬಲ್ಲೆನೋ ಇಲ್ಲವೋ ತಿಳಿಯದು ಎಂಬುದು ಅವನ ಅಭಿಪ್ರಾಯ. ಹಗಲು ಕಣ್ಣಳತೆಯಲ್ಲಿ ಹಾರುವವನು ಗಮ್ಯವನ್ನು ಮುಟ್ಟಿದ ಮೇಲೂ ಇನ್ನು 30 ನಿಮಿಷ ಹಾರುವಷ್ಟು ಇಂಧನವನ್ನು ಮಿಗಿಸಿಕೊಂಡಿರಬೇಕೆಂದು ಅಮೆರಿಕದ ಕಾನೂನು ಇಂದು ವಿಧಿಸುವುದು ಈ ಅಂಗದನ್ಯಾಯವನ್ನೇ. ಬಹಾಮದಲ್ಲಿ ಇದಕ್ಕೆ ವಿಶೇಷವಾದ ಅರ್ಥವುಂಟು. ರನ್‌ವೇ ಇರುವ ದ್ವೀಪಗಳಲ್ಲೆಲ್ಲ ಪೆಟ್ರೋಲು ಇರುವುದಿಲ್ಲ, ಇರುವೆಡೆಯಲ್ಲಿಯೂ ಸರಕುದೋಣಿ ತಡವಾಯಿತೆಂದರೆ ಪಂಪಿನ ಮೇಲೆ ಹೊದಿಕೆ ಬಿದ್ದಿರುತ್ತದೆ. ಆದಕಾರಣ ಜಾಣನು ಪ್ರತಿಯೊಂದು ದ್ವೀಪವನ್ನೂ ಲಂಕೆಯೆಂದೇ ಭಾವಿಸಿ, ಹಿಂದಿರುಗುವ ದಾರಿಯನ್ನು ಮೊದಲು ಲೆಕ್ಕಹಾಕಿ, ಹೋಗುವ ದಾರಿಯನ್ನು ಆಮೇಲೆ ಯೋಚಿಸುತ್ತಾನೆ.

ಇಂಧನವು ಇದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು. ಉಪ್ಪುಗಾಳಿಯಲ್ಲಿ ಇರುಳೆಲ್ಲ ನಿಂತ ವಿಮಾನದ ರೆಕ್ಕೆಯ ಕೆಳಗೆ ಬೆಳಗ್ಗೆ ಬಗ್ಗಿ ನಿಂತು, ಪಾರದರ್ಶಕವಾದ ಒಂದು ಪುಟ್ಟ ಲೋಟದ ಮೂತಿಯನ್ನು ಟ್ಯಾಂಕಿನ ತಳದ ತೂತಿಗೆ ಒತ್ತಿ ಹಿಡಿದರೆ, ತೆಳುನೀಲಿಯ ಪೆಟ್ರೋಲು ಸುರಿಯುತ್ತದೆ. ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದಾಗ ತಳದಲ್ಲಿ ಬಣ್ಣವಿಲ್ಲದ ಒಂದು ಮುತ್ತು ಹೊರಳಿತೋ, ಅದು ನೀರು. ಇಡೀ ಲೋಟವೇ ಬಣ್ಣವಿಲ್ಲದೆ ತಿಳಿಯಾಗಿದ್ದರೆ ಅದನ್ನು ಕಂಡು ಸಂತೋಷಪಡುವವನು ಹಾರಲು ಅನರ್ಹ.

ಇನ್ನು ಭಾರಾಧ್ಯಾಯ. ಶಾಸ್ತ್ರದ ತಿರುಳೆಲ್ಲ ಇಲ್ಲಿಯೇ ಇದೆ. ನಮ್ಮ ಸೆಸ್ನಾ ವಿಮಾನದ ಈಚಿನ ಮಾದರಿಯು ನೆಲ ಬಿಡುವಾಗ 1157 ಕಿಲೋಗ್ರಾಂ ತೂಕವನ್ನು ಮೀರಕೂಡದು. ಅದರಲ್ಲಿ ವಿಮಾನದ ಸ್ವಂತ ಭಾರವನ್ನು ಕಳೆದರೆ ನಮ್ಮ ಪಾಲಿಗೆ ಉಳಿಯುವುದು ಸರಿಸುಮಾರು 400 ಕಿಲೋಗ್ರಾಂ. ಟ್ಯಾಂಕುಗಳೆರಡನ್ನೂ ತುಂಬಿಸಿದೆವೆಂದರೆ 200 ಲೀಟರಿನ ಪೆಟ್ರೋಲೇ 144 ಕಿಲೋಗ್ರಾಂ ತೂಗುತ್ತದೆ. ಮಿಕ್ಕದ್ದನ್ನು ನಾಲ್ಕು ಆಸನಗಳಿಗೆ ಹಂಚಿದಾಗ ತಲೆಗೆ 64 ಕಿಲೋಗ್ರಾಂ ಬರುತ್ತದೆ; ಇದರಲ್ಲಿ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಕ್ಯಾಮೆರಾ, ಮಧ್ಯಾಹ್ನದ ಬುತ್ತಿ ಎಲ್ಲವೂ ಅಂತರ್ಗತ. ನಾಲ್ಕು ಆಸನದ ವಿಮಾನವೆಂಬ ಮಾತು ಆಸನಗಳ ಎಣಿಕೆಯೇ ಹೊರತು ಕುಳಿತುಕೊಳ್ಳಬಹುದಾದವರ ಎಣಿಕೆಯಲ್ಲವೆಂಬ ಮಹಾತತ್ತ್ವವು ಇಲ್ಲಿ ಸಾಧಕನಿಗೆ ಗೋಚರವಾಗುತ್ತದೆ. ಈ ಸಂಕಟವನ್ನು ಕಂಡು ಹುಟ್ಟಿದ ಮತಗಳು ಎರಡು. ಟ್ಯಾಂಕು ತುಂಬಿರಲಿ, ನೆಂಟರು ಕಡಮೆಯಾಗಲಿ ಎಂದು ಪೂರ್ಣತೈಲವಾದಿಗಳು ಹೇಳುತ್ತಾರೆ. ನೆಂಟರು ಬರಲಿ, ಟ್ಯಾಂಕು ಅರೆಯಾಗಲಿ, ದಾರಿಯಲ್ಲಿ ಎಲ್ಲಿಯಾದರೂ ತುಂಬಿಸಿಕೊಳ್ಳೋಣ ಎಂದು ಮಿತತೈಲವಾದಿಗಳು ಹೇಳುತ್ತಾರೆ. ಎರಡನೆಯ ಮತದವರು ಊಟದ ಮೇಜಿನಲ್ಲಿ ಬಹು ಜನಪ್ರಿಯರು. ಮೊದಲನೆಯ ಮತದವರು ಹೆಚ್ಚು ಕಾಲ ಬಾಳುತ್ತಾರೆ.

ಪ್ರಯಾಣಿಕರ ತೂಕವನ್ನು ತಿಳಿಯಲು ಪ್ರಮಾಣ ಯಾವುದು? ಶಬ್ದಪ್ರಮಾಣ ಸಲ್ಲದು, ಅತಿಥಿಯು ಎಷ್ಟೇ ಆಪ್ತನಾಗಿದ್ದರೂ ಅವನು ಹೇಳುವ ತೂಕವು ಅವನ ಮದುವೆಯ ಕಾಲದ್ದಾಗಿರುತ್ತದೆ. ಅನುಮಾನಪ್ರಮಾಣವೆಂದರೆ ನಡುಪಟ್ಟಿಯ ತೂತುಗಳನ್ನು ನೋಡಿ ಊಹಿಸುವುದು. ಅದು ಸೌಜನ್ಯಕ್ಕೆ ವಿರುದ್ಧ. ತಕ್ಕಡಿಯ ಮೇಲೆ ನಿಲ್ಲಿಸುವ ಪ್ರತ್ಯಕ್ಷವೊಂದೇ ಗ್ರಾಹ್ಯ, ಅದೂ ಚೀಲವನ್ನು ಹೆಗಲಿಗೇರಿಸಿಕೊಂಡ ಸ್ಥಿತಿಯಲ್ಲಿ. ಹೀಗೆ ಕೂಡಿಬಂದ ಮೊತ್ತವು ಮಿತಿಯೊಳಗಿದ್ದರೂ ಅದು ಎಲ್ಲಿ ಕೂತಿದೆಯೆಂಬ ಪ್ರಶ್ನೆ ಬಾಕಿ. ಭಾರದ ಕೇಂದ್ರವು ತೀರ ಹಿಂದಕ್ಕೆ ಸರಿದರೆ ವಿಮಾನವು ಮೂಗೆತ್ತಿಕೊಂಡು ಹಟಮಾಡುವುದಾದುದರಿಂದ, ಬಾಲದ ಕಡೆಯ ಸಾಮಾನುಗೂಡಿಗೆ 54 ಕಿಲೋಗ್ರಾಮಿನ ಬೇರೊಂದು ಮಿತಿಯನ್ನು ಹಾಕಿದ್ದಾರೆ. ಅಲ್ಲದೆ, ಸಮುದ್ರಕ್ಕೆ ಬಿದ್ದರೆ ಬೇಕಾಗುವ ಗಾಳಿತೆಪ್ಪವೂ ಪ್ರತಿಯೊಬ್ಬರಿಗೊಂದರಂತೆ ಲೈಫ್ ಜಾಕೆಟ್ಟುಗಳೂ ಈ ತೂಕದಲ್ಲಿಯೇ ಸೇರಬೇಕು. ಮುಳುಗುವ ಭಯಕ್ಕಾಗಿ ಹೊತ್ತ ಭಾರದಿಂದ ಇಂಧನವನ್ನು ಕಡಮೆಮಾಡಿ, ಇಂಧನದ ಕೊರತೆಯಿಂದ ಮುಳುಗುವ ಸಂಭವವನ್ನು ಹೆಚ್ಚಿಸಿಕೊಳ್ಳುವ ಈ ಅನ್ಯೋನ್ಯಾಶ್ರಯ ದೋಷಕ್ಕೆ ಪರಿಹಾರವನ್ನು ಯಾವ ಭಾಷ್ಯಕಾರನೂ ಹೇಳಿಲ್ಲ. ಹೇಳುವವರು ನಾಲ್ಕನೆಯ ನೆಂಟನನ್ನು ಮನೆಯಲ್ಲಿ ಬಿಡಬೇಕೆಂದಷ್ಟೇ ಹೇಳುತ್ತಾರೆ.

ಕಾಗದಪತ್ರಗಳ ವಿಷಯವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇನೆ. ದೇಶದ ಗಡಿಯನ್ನು ದಾಟುವ ವಿಮಾನದ ರೇಡಿಯೋಗೆ ಒಂದು ಲೈಸೆನ್ಸು, ಅದರಲ್ಲಿ ಮಾತನಾಡುವವನಿಗೆ ಇನ್ನೊಂದು, ಅಂದರೆ ಯಂತ್ರದ ಬಾಯಿಗೊಂದು, ಮನುಷ್ಯನ ಬಾಯಿಗೊಂದು. ತೀರದಾಚೆ ಅಮೆರಿಕದ ವಾಯುರಕ್ಷಣೆಯವರು ಎಳೆದಿರುವ ಅದೃಶ್ಯವಾದ ಒಂದು ರೇಖೆಯನ್ನು ದಾಟುವವರಿಗೆ ಫ್ಲೈಟ್ ಪ್ಲಾನೂ ಟ್ರಾನ್ಸ್‌ಪಾಂಡರಿನ ಸಂಕೇತವೂ ಬೇಕು. ವಿಮಾನದ ಮೈಮೇಲೆ ನೋಂದಣಿಯ ಅಕ್ಷರಗಳು 12 ಅಂಗುಲ ಎತ್ತರವಿರಬೇಕೆಂಬ ನಿಯಮವೂ ಉಂಟು, ಚಿಕ್ಕ ಅಕ್ಷರದ ವಿಮಾನದವರು ಅಂಟುಪಟ್ಟಿಯಿಂದ ದೊಡ್ಡಕ್ಷರವನ್ನು ಬರೆದುಕೊಂಡು ಹೋಗುತ್ತಾರೆ. ವಿಮಾನದಲ್ಲಿರುವವರೆಲ್ಲರ ಹೆಸರುಪಟ್ಟಿಯು ಹೊರಡುವುದಕ್ಕೆ 60 ನಿಮಿಷ ಮೊದಲೇ ಸುಂಕದ ಇಲಾಖೆಗೆ ತಲಪಿರಬೇಕು. ಸೂರ್ಯಾಸ್ತವಾದ ಮೇಲೆ ಬಹಾಮದಲ್ಲಿ ಕಣ್ಣಳತೆಯ ಹಾರಾಟಕ್ಕೆ ಅನುಮತಿಯಿಲ್ಲ. ಸಂಧ್ಯಾಕಾಲವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ನಮ್ಮ ಅಗ್ರಹಾರಗಳಲ್ಲಿಯೂ ಈಗ ವಿರಳ.

ಮಯಾಮಿಗೂ ಬಿಮಿನಿಗೂ ನಡುವಣ ನೀರನ್ನು ಕುರಿತು ಒಂದು ಗಣಿತವಿದೆ. ಇರುವುದೊಂದೇ ಎಂಜಿನ್, ಅದು ನಿಂತರೆ ಈ ವಿಮಾನವು ಸಾವಿರ ಅಡಿ ಇಳಿಯುವುದರೊಳಗೆ ಒಂದೂವರೆ ನಾಟಿಕಲ್ ಮೈಲಿಯಷ್ಟು ತೇಲಿಕೊಂಡು ಸಾಗಬಲ್ಲದು. 9500 ಅಡಿಯಲ್ಲಿ ಹಾರುವವನು ಗಾಳಿಯ ಅಡ್ಡಿಯಿಲ್ಲದಿದ್ದರೆ ಆಚೆಯ ದಡಕ್ಕೂ ಈಚೆಯ ದಡಕ್ಕೂ ಹದಿನಾಲ್ಕು ಮೈಲಿಯಿಂದ ತಲಪಿಯಾನು. ನಡುವೆ ಉಳಿಯುವ ಹದಿನೇಳು ಮೈಲಿ, ಅಂದರೆ ಎಂಟೊಂಬತ್ತು ನಿಮಿಷದ ಕಾಲ, ಅವನು ಯಾವ ದಡಕ್ಕೂ ಸೇರದವನು. ಸರಿಯಾಗಿ ಈ ಅವಧಿಯಲ್ಲಿಯೇ, ಅದುವರೆಗೆ ಶ್ರುತಿಶುದ್ಧವಾಗಿ ಹಾಡುತ್ತಿದ್ದ ಎಂಜಿನ್ನಿನ ದನಿಯಲ್ಲಿ ಏನೋ ಒರಟುತನ, ಎಲ್ಲಿಯೋ ಒಂದು ಕೆಮ್ಮು, ಕಾಲಡಿಯಲ್ಲಿ ಹಿಂದೆ ಇಲ್ಲದ ಒಂದು ನಡುಕ ಪೈಲಟ್ಟನ ಅನುಭವಕ್ಕೆ ಬರುತ್ತದೆಂಬುದನ್ನು ಆ ವೃತ್ತಿಯವರೆಲ್ಲ ಒಪ್ಪುತ್ತಾರೆ; ನೆಲ ಕಂಡೊಡನೆ ಅದು ಮಾಯವಾಗುತ್ತದೆಂಬುದನ್ನೂ ಒಪ್ಪುತ್ತಾರೆ. ಹಗ್ಗದಲ್ಲಿ ಹಾವನ್ನು ಕಾಣುವ ಭ್ರಾಂತಿಗೆ ಮಬ್ಬುಬೆಳಕು ಕಾರಣವೆಂದು ವೇದಾಂತಿಗಳು ಹೇಳಿದರು; ಹಾಡುಹಗಲಿನಲ್ಲಿ, ಕನ್ನಡಿಯಂತಹ ನೀರಿನ ಮೇಲೆ ಹುಟ್ಟುವ ಈ ಅಧ್ಯಾಸವನ್ನು ಶಂಕರರು ಕಂಡಿದ್ದರೆ ಭಾಷ್ಯದ ಪೀಠಿಕೆಗೆ ಇನ್ನೂ ಉತ್ತಮವಾದ ದೃಷ್ಟಾಂತ ಸಿಗುತ್ತಿತ್ತು. ಮೇಲಾಗಿ, ಆ ನೀರು ನಿಂತ ನೀರಲ್ಲ, ಗಲ್ಫ್ ಸ್ಟ್ರೀಮ್ ಎಂಬ ಉತ್ತರವಾಹಿನಿ. ತೆಪ್ಪದಲ್ಲಿ ಕುಳಿತವರ ಯಾತ್ರೆಯು ಹೊಸ ದಿಕ್ಕಿನಲ್ಲಿ, ಇಂಧನದ ಖರ್ಚಿಲ್ಲದೆ ಮುಂದುವರಿಯುತ್ತದೆ.

ದ್ವೀಪಗಳೆಲ್ಲ ಮೇಲಿನಿಂದ ಒಂದೇ ಬಗೆಯಾಗಿ ಕಾಣುವುವೆಂಬುದೂ ನಗೆಯ ಮಾತಲ್ಲ. 1945ರ ಡಿಸೆಂಬರ್ 5ರಂದು ಫೋರ್ಟ್ ಲಾಡರ್‌ಡೇಲಿನ ನೌಕಾದಳದ ನಿಲ್ದಾಣದಿಂದ ಹೊರಟ ಐದು ವಿಮಾನಗಳ ನಾಯಕನು, ಬಹಾಮದ ದ್ವೀಪಗಳನ್ನು ಕಂಡು ತಾನು ಫ್ಲಾರಿಡಾದ ದಕ್ಷಿಣದ ಕೀಗಳ ಮೇಲಿದ್ದೇನೆಂದು ಭ್ರಮಿಸಿದನು. ಹದಿನಾಲ್ಕು ಮಂದಿಯಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಬರ್ಮುಡಾ ತ್ರಿಕೋನದ ಮಾಯೆಯನ್ನು ಕುರಿತು ಪುಸ್ತಕಗಳು ರಾಶಿರಾಶಿಯಾಗಿ ಬಂದುವು. ನಕ್ಷೆಯನ್ನು ನೆಲಕ್ಕೆ ಹೋಲಿಸುವ ಅಭ್ಯಾಸವನ್ನು ಕುರಿತು ಅಷ್ಟು ಬರಲಿಲ್ಲ.

ಸುಂಕದ ಕಟ್ಟೆಯ ವಿಚಾರದಲ್ಲಿ ಲಂಕೆಗೆ ಹಾರಿದ ಹನುಮಂತನೇ ಆದರ್ಶ. ನಡುಸಮುದ್ರದಲ್ಲಿ ಮೈನಾಕನು ಮೇಲೆದ್ದು ವಿಶ್ರಮಿಸೆಂದು ಬೇಡಿದನಷ್ಟೆ. ಅದು ಬದಲಿ ನಿಲ್ದಾಣ, ಮುಟ್ಟಿ ಮುಂದುವರಿಯಬಹುದು. ಸುರಸೆಯು ಬಾಯಿ ತೆರೆದು, ನನ್ನ ಬಾಯನ್ನು ಹೊಗದೆ ಯಾರೂ ಮುಂದೆ ಹೋಗುವಂತಿಲ್ಲವೆಂದು ಅಡ್ಡಗಟ್ಟಿದಳು, ಅದು ಪ್ರವೇಶನಿಲ್ದಾಣ. ಸೀತೆಯ ಕಷ್ಟವನ್ನು ವಿವರಿಸಿದ್ದರಿಂದ ಫಲವಾಗಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು? ಮಾರುತಿಯು ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬಂದು ಕೈಮುಗಿದನು. ಬಿಮಿನಿಯಲ್ಲಿಯೂ ನಸ್ಸೌನಲ್ಲಿಯೂ ಘೋಷಣಾಪತ್ರವನ್ನು ಒಪ್ಪಿಸಿ ದ್ವೀಪವಿಹಾರದ ಪರವಾನಗಿಯನ್ನು ಪಡೆಯುವವನು ಅನುಸರಿಸಬೇಕಾದ ಮಾರ್ಗವು ಇದೇ, ತಾನು ಆದಷ್ಟು ಚಿಕ್ಕವನಾಗುವುದು. ಬಾಯನ್ನು ಹೊಗದೆಯೇ ಹೋಗುವ ವಾಮಾಚಾರಿಗಳೂ ಇದ್ದರು. 1970ರ ದಶಕದ ಕೊನೆಗೆ ಕೊಲಂಬಿಯದ ಕಾರ್ಲೋಸ್ ಲೆಹ್ಡರನು ನಾರ್ಮನ್ಸ್ ಕೀ ಎಂಬ ದ್ವೀಪವನ್ನೇ ಕೊಕೇನಿನ ತಂಗುದಾಣವಾಗಿ ಮಾಡಿಕೊಂಡಿದ್ದನು. ಆ ಕಾಲದ ಎರಡು ಎಂಜಿನ್ನಿನ ಸಿ-46 ವಿಮಾನವೊಂದು ಇಂದಿಗೂ ಅಲ್ಲಿ ಸೊಂಟದೆತ್ತರದ ನೀರಿನಲ್ಲಿ ತುಕ್ಕುಹಿಡಿದು, ಮೀನುಗಳ ಛತ್ರವಾಗಿ ಕುಳಿತಿದೆ. ರನ್‌ವೇಯ ಕಡೆಗೆ ಇಳಿಯುವವರೆಲ್ಲ ಅದನ್ನು ನೋಡಿಕೊಂಡೇ ಇಳಿಯುತ್ತಾರೆ.

ಎಕ್ಸೂಮಾ ಸಾಲಿನಲ್ಲಿ 365 ಕೀಗಳಿವೆ, ವರ್ಷದ ದಿನಕ್ಕೊಂದರಂತೆ, ಎಂದು ಅಲ್ಲಿಯ ಪ್ರತೀತಿ. ಅಧಿಕವರ್ಷದ ಗತಿಯೇನೆಂದು ಯಾರೂ ಕೇಳಿದಂತಿಲ್ಲ. ಈ ಸಾಲಿನ ಸ್ಟೇನಿಯಲ್ ಕೀಯಲ್ಲಿ ಸುಮಾರು 3000 ಅಡಿಯ ರನ್‌ವೇ. ಇಳಿದು ದೋಣಿ ಹಿಡಿದರೆ ಪಕ್ಕದಲ್ಲಿಯೇ ಬಿಗ್ ಮೇಜರ್ ಕೀ, ನಮ್ಮ ಪ್ರಯೋಜನವು ಸಿದ್ಧಿಸುವ ಕ್ಷೇತ್ರ. ಮನುಷ್ಯರಾರೂ ವಾಸವಿಲ್ಲದ ಆ ದ್ವೀಪಕ್ಕೆ ಹಂದಿಗಳು ಬಂದ ಬಗೆಯಲ್ಲಿ ಮತಭೇದವುಂಟು: ಮರಳಿ ಬಂದು ತಿನ್ನುವೆವೆಂದು ನಾವಿಕರು ಬಿಟ್ಟುಹೋದರೆಂದು ಕೆಲವರು, ಒಡೆದ ಹಡಗಿನಿಂದ ಈಜಿ ಬಂದುವೆಂದು ಕೆಲವರು, ಪ್ರವಾಸಿಗಳ ಹಣಕ್ಕಾಗಿ ತಂದು ಬಿಟ್ಟರೆಂದು ಇನ್ನು ಕೆಲವರು. ಮೂರನೆಯದು ಶ್ರದ್ಧೆಗೆ ಮಾರಕವಾದುದರಿಂದ ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ದೋಣಿಯ ಸದ್ದು ಕೇಳಿದೊಡನೆ ಅವು ಮರಳಿನಿಂದ ಎದ್ದು, ಕಿವಿಗಳನ್ನು ನೀರಿನ ಮೇಲೆ ಹಾಯಿಯಂತೆ ಬಿಚ್ಚಿ, ಮೂತಿಯ ಬಿಲ್ಲೆಯನ್ನು ಆಕಾಶಕ್ಕೆ ತಿರುಗಿಸಿ, ಒಂದಿಷ್ಟೂ ಆತುರವಿಲ್ಲದೆ ಈಜಿಬಂದು, ಬಂದವರ ಕೈಯನ್ನೇ ಹೊರತು ಮುಖವನ್ನು ನೋಡುವುದಿಲ್ಲ. ದರ್ಶನಕ್ಕೆ ಹಿಡಿಯುವ ಕಾಲ ಕಾಲು ಗಂಟೆ. ಆಮೇಲೆ ಸೂರ್ಯಾಸ್ತದ ಲೆಕ್ಕ ಶುರುವಾಗುತ್ತದೆ.

ಹಿಂದಿರುಗುವಾಗ ಫ್ಲಾರಿಡಾದ ಸುಂಕದವರಿಗೆ ಇಷ್ಟು ಗಂಟೆಗೆ ಇಳಿಯುತ್ತೇನೆಂದು ಮೊದಲೇ ಮಾತು ಕೊಟ್ಟು, ಮುಂಚೆಯೂ ಅಲ್ಲ ತಡವಾಗಿಯೂ ಅಲ್ಲದಂತೆ, ಪ್ರವೇಶನಿಲ್ದಾಣದಲ್ಲಿಯೇ ಇಳಿಯತಕ್ಕದ್ದು. ಇಳಿದ ಮೇಲೆ ಅಧಿಕಾರಿಯು ಅಪ್ಪಣೆ ಕೊಡುವವರೆಗೆ ವಿಮಾನವನ್ನು ಬಿಟ್ಟು ಅತ್ತಿತ್ತ ಸುಳಿಯಕೂಡದು. ಅವನು ಮುಖ್ಯವಾಗಿ ಕೇಳುವುದು ಹಣ್ಣನ್ನು ಕುರಿತು. ದ್ವೀಪದಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಮಾವಿನಹಣ್ಣು ದಡ ಸೇರಿದರೆ ಜಪ್ತಿಯಾಗುವುದರಿಂದ, ಅದನ್ನು ಆಕಾಶದಲ್ಲಿಯೇ ತಿಂದು ಮುಗಿಸುವುದು ಶಿಷ್ಟಾಚಾರ. ಹಣ್ಣನ್ನು ತಿಂದರೆ ವಿಮಾನದ ಭಾರ ಕಡಮೆಯಾಗುವುದೇ ಎಂಬ ಶಂಕೆಗೆ ಸಮಾಧಾನ ಹೀಗೆ: ಭಾರ ಅಷ್ಟೇ ಇರುತ್ತದೆ, ಸಾಮಾನುಗೂಡಿನಲ್ಲಿದ್ದ ಹಣ್ಣು ಹಿಂದಿನ ಆಸನದವರ ಹೊಟ್ಟೆಗೆ ಸ್ಥಳಾಂತರ ಹೊಂದಿದ್ದರಿಂದ ಭಾರಕೇಂದ್ರ ಮಾತ್ರ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ವಾಟೆಯ ವಿಲೇವಾರಿಯ ಬಗ್ಗೆ ಮತಭೇದವುಂಟು.