ಸಿಸ್ಟಮ್ ಅಣ್ಣ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟವರು ಮಡಕಶಿರಾ ದಾಟಿ, ಪಾವಗಡದಲ್ಲಿ ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೆ ಬೀಳಬೇಕು. ಎರಡೂ ಊರು ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬೇರೆಯಾದರೂ ಬೀಗತನ ನಿಲ್ಲಲಿಲ್ಲ. ಕಲ್ಯಾಣದುರ್ಗದಲ್ಲಿ ತೆಗೆದ ಮದುವೆ ಫೋಟೋ ಹಿಂದೂಪುರದ ಸ್ಟುಡಿಯೋದಲ್ಲಿ ಆಲ್ಬಮ್ ಆಗುತ್ತದೆ. ಮೊದಲು ಪೆನ್‌ಡ್ರೈವ್ ಬಸ್ಸಿನಲ್ಲಿ ಬರುತ್ತಿತ್ತು. ಆಮೇಲೆ ಸ್ಟುಡಿಯೋದವರು ಫೈಲು ತರಿಸಿಕೊಳ್ಳಲು ಎಫ್‌ಟಿಪಿ ಸರ್ವರ್ ಹಾಕಿಸಿದರು. ಸರ್ವರ್ ಬಂತು, ಅದರ ಬೆನ್ನಿಗೇ ಅದನ್ನು ನೋಡಿಕೊಳ್ಳುವ ಸಿಸ್ಟಮ್ ಅಣ್ಣನೂ ಬಂದ.

ಅಣ್ಣ ಓನರ್ ಹತ್ತಿರ ಕನ್ನಡ ಮಾತಾಡುತ್ತಾನೆ, ಮಷೀನನ್ನು ತೆಲುಗಿನಲ್ಲಿ ಬೈಯುತ್ತಾನೆ. ಕಪ್ಪು ಪರದೆ ತೆಗೆದನೆಂದರೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಹಾಕಿರುವ ಸಾಫ್ಟ್‌ವೇರ್ ವಿಎಸ್‌ಎಫ್‌ಟಿಪಿಡಿ. ಮೊದಲೆರಡು ಅಕ್ಷರ 'ವೆರಿ ಸೆಕ್ಯೂರ್' ಎಂದು ಅವನು ಹೇಳದ ದಿನವಿಲ್ಲ. ಪಾಸ್‌ವರ್ಡನ್ನು ರೌಟರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದವನೂ ಅವನೇ.

ಕರೆಂಟ್ ಹೋಗುತ್ತದೆ. ಯುಪಿಎಸ್ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಗುತ್ತದೆ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಏಳುತ್ತದೆ, ಸರ್ವರ್ ಏಳುವುದಿಲ್ಲ. ಕಲ್ಯಾಣದುರ್ಗದಿಂದ ಫೋನು: "ಫೋಟೋ ಹೋಗ್ತಿಲ್ಲ!" ಹೆಣ್ಣಿನ ಕಡೆಯವರು ಅಂಗಡಿಯಲ್ಲೇ ಕೂತಿದ್ದಾರೆ. ಓನರ್ ಗೋಗರೆಯುತ್ತಾರೆ, "ಅಣ್ಣಾ, ಸ್ವಲ್ಪ ಬಾರಣ್ಣ." ಅಣ್ಣ ಬರುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಟೀ ಕುಡಿಯುತ್ತಾನೆ, ಒಂದು ಸಾಲು ಹೊಡೆಯುತ್ತಾನೆ. ಸರ್ವರ್ ಎದ್ದಿತು!

ಗುಟ್ಟು ಇಷ್ಟೇ. ಅವನು ಹೊಡೆಯುವುದು 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್'. ಅದು ಆ ಹೊತ್ತಿಗೆ ಎಬ್ಬಿಸುತ್ತದೆ, ಅಷ್ಟೇ. ಅದೇ ಜಾಗದಲ್ಲಿ ಒಮ್ಮೆ 'ಎನೇಬಲ್' ಎಂದು ಹೊಡೆದಿದ್ದರೆ ಮಷೀನ್ ಬೂಟ್ ಆದಾಗಲೆಲ್ಲ ಸರ್ವರ್ ತಾನಾಗಿ ಏಳುತ್ತಿತ್ತು. ಅಣ್ಣನಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಆದರೆ ಎಲ್ಲ ತಾನಾಗಿ ನಡೆದರೆ ಮಾಡಿಟ್ಟವನನ್ನು ಯಾರೂ ಕರೆಯುವುದಿಲ್ಲ. ಐಐಟಿ ಕಾನ್ಪುರದ ಮೊದಲ ಬ್ಯಾಚಿನ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿ ಕೂತು 1971ರ ಏಪ್ರಿಲ್‌ನಲ್ಲಿ ಈ ಎಫ್‌ಟಿಪಿಯ ಮೊದಲ ನಿಯಮಗಳನ್ನು ಬರೆದರು. ಪ್ರಪಂಚವೆಲ್ಲ ಫೈಲು ಕಳಿಸಿತು, ಅವರನ್ನು ಯಾರೂ ಟೀಗೆ ಕರೆಯಲಿಲ್ಲ. ಅಣ್ಣ ಅಂಥ ತಪ್ಪು ಮಾಡುವವನಲ್ಲ.

ಸ್ಟುಡಿಯೋಗೆ ಡಿಪ್ಲೊಮಾ ಓದುವ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಯಾರನ್ನೂ ಕೇಳದೆ 'ಎನೇಬಲ್' ಹೊಡೆದುಬಿಟ್ಟ. ಮುಂದಿನ ಸಲ ಕರೆಂಟ್ ಹೋಯಿತು, ಬಂತು. ಫೋಟೋಗಳು ತಮ್ಮ ಪಾಡಿಗೆ ಬರತೊಡಗಿದವು. ಯಾರೂ ಫೋನ್ ಮಾಡಲಿಲ್ಲ. ಹನ್ನೊಂದಕ್ಕೆ ಅಣ್ಣನೇ ಬಾಗಿಲಲ್ಲಿ ನಿಂತಿದ್ದ.

"ಕರೆಂಟ್ ಹೋಗಿತ್ತಂತೆ, ಸರ್?"

"ಎಲ್ಲಾ ಸರಿಯಾಗಿದೆ ಅಣ್ಣಾ."

ಕೂತ. 'ಸ್ಟೇಟಸ್' ಹೊಡೆದ. ಹಸಿರು ಬಣ್ಣದಲ್ಲಿ 'ಆಕ್ಟಿವ್' ಕಂಡಿತು, ಅದರ ಮೇಲಿನ ಸಾಲಿನಲ್ಲಿ 'ಎನೇಬಲ್ಡ್'. ಹುಡುಗನ ಮುಖ ನೋಡಿದ. ಹುಡುಗ ಗೋಡೆ ನೋಡಿದ.

"ವರ್ಕ್ ಆಗ್ತಾ ಇದೆ ಸರ್, ಆದ್ರೆ ಸ್ವಲ್ಪ ಸ್ಲೋ. ಸಂಜೆ ಬಂದು ನೋಡ್ತೀನಿ."

ನಿಮ್ಮ ಅಂಗಡಿಗೂ ಇಂಥ ಅಣ್ಣ ಬರುತ್ತಿದ್ದರೆ ಆ 'ಎನೇಬಲ್' ಸಾಲನ್ನು ನೀವೇ ಹೊಡೆದುಕೊಳ್ಳಿ. ಟೀ ಮಾತ್ರ ನಿಲ್ಲಿಸಬೇಡಿ. ಮುಹೂರ್ತದ ಹಿಂದಿನ ರಾತ್ರಿ ಹಾರ್ಡ್‌ಡಿಸ್ಕ್ ಕೈಕೊಟ್ಟರೆ ಬೈಕ್ ಹತ್ತಿ ಬರುವವನು ಅವನೊಬ್ಬನೇ.