ಮಾಲ್ದೀವ್ಸ್‌ಗೆ ಹೋಗಿಬಂದ ಯಜಮಾನರು

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯಲ್ಲಿ ಮಾಲ್ದೀವ್ಸ್‌ಗೆ ಹೋಗಿಬಂದ ಯಜಮಾನರನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಕಾಲು ನೋಡಿದರೆ ಸಾಕು. ಬಿಳಿ ಬಟ್ಟೆಯ ಮೆತ್ತನೆ ಚಪ್ಪಲಿ, ಅದರ ಮೇಲೆ ರೆಸಾರ್ಟಿನ ಚಿನ್ನದ ಬಣ್ಣದ ಗುರುತು. ವಿಲ್ಲಾದ ಕೋಣೆಯೊಳಗೆ ಹಾಕಿಕೊಳ್ಳಲಿ ಎಂದು ಇಟ್ಟದ್ದು, ಸೂಟ್‌ಕೇಸಿನಲ್ಲಿ ಕೋಲಾರಕ್ಕೆ ಬಂದಿದೆ. ಮಳೆಯ ಮಾರನೇ ದಿನ ಯಾರ್ಡಿನಲ್ಲಿ ಕೊಳೆತ ಹಣ್ಣಿನ ರಸ ನಿಂತಿದ್ದರೂ ಅದೇ ಚಪ್ಪಲಿ. ಬಿಳಿ ಹೋಗಿ ಈಗ ಸಾರಿನ ಬಣ್ಣಕ್ಕೆ ತಿರುಗಿದೆ.

ಈ ತಳಿ ಹುಟ್ಟಿದ್ದು 2023ರ ಜುಲೈನಲ್ಲಿ. 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿದ ತಿಂಗಳು. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೇ ನಾಪತ್ತೆಯಾಗಿ, ಸುಮಾರು 21 ಲಕ್ಷದ ಮಾಲು ಹೋಯಿತೆಂದು ಪೊಲೀಸರಿಗೆ ದೂರು ಹೋದ ಕಾಲ. ಬೆಳೆ ಕೈಗೆ ಹತ್ತಿದ ರೈತರು ಸಾಲ ತೀರಿಸಿದರು. ಯಜಮಾನರು ಬೆಳೆದವರಲ್ಲ, ಮಂಡಿಯ ದಿಂಬಿಗೆ ಒರಗಿ ಕಮಿಷನ್ ಹಿಡಿದವರು. ತೀರಿಸಲು ಸಾಲವಿರಲಿಲ್ಲ, ಹೊಸ ಕಾರು ಆಗಲೇ ಬಂದಾಗಿತ್ತು. ಸಮುದ್ರದೊಳಗೆ ಕಂಬ ನೆಟ್ಟು ಕಟ್ಟಿದ ವಿಲ್ಲಾವನ್ನು ಮಗಳು ಮೊಬೈಲಿನಲ್ಲಿ ತೋರಿಸಿದಾಗ, "ನಡಿಯಮ್ಮ, ಅದೂ ಒಂದು ನೋಡೇಬಿಡಾಣ" ಎಂದುಬಿಟ್ಟರು.

ಮನೆಯಲ್ಲಿ ಆಕ್ಷೇಪ ಎತ್ತಿದ್ದು ಅಜ್ಜಿ ಒಬ್ಬರೇ. ಫೋಟೋದಲ್ಲಿ ವಿಲ್ಲಾದ ಮಾಡು ನೋಡಿ, "ನಿಮ್ಮ ತಾತ ಗರಿ ಗುಡಿಸಿಲು ಕಿತ್ತು ಮಾಲೂರು ಹೆಂಚು ಹೊದಿಸಕ್ಕೆ ಜೀವ ತೇದ. ನೀನು ದುಡ್ಡು ಕೊಟ್ಟು ಗರಿ ಕೆಳಗೆ ಮಲಗಕ್ಕೆ ಹೊಂಟಿದ್ದೀಯಾ?" ಎಂದರು. ಅಲ್ಲಿ ಎಷ್ಟೋ ರೆಸಾರ್ಟುಗಳ ಗರಿ ಪ್ಲಾಸ್ಟಿಕ್ಕಿನದು ಎಂದು ತಿಳಿದಿದ್ದರೆ ಇನ್ನೇನು ಅನ್ನುತ್ತಿದ್ದರೋ.

ಸೂಟ್‌ಕೇಸು ಕಟ್ಟುವಾಗ ಯಜಮಾನಿತಿ ಎರಡು ಕಿಲೋ ರಾಗಿ ಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಕುರುಡುಮಲೆಯಲ್ಲಿ ಕೊಂಡಿದ್ದ ಪುಟ್ಟ ಗಣಪ ಇಟ್ಟರು. ಪೂಜೆಯ ವಿಗ್ರಹ, ಮದ್ಯ, ಹಂದಿಮಾಂಸ ಆ ದೇಶಕ್ಕೆ ಒಯ್ಯುವಂತಿಲ್ಲ ಎಂದು ಮಗಳು ಓದಿ ಹೇಳಿದ ಮೇಲೆ ಗಣಪ ದೇವರ ಗೂಡಿಗೆ ವಾಪಸಾದ. ಯಜಮಾನರು ಚಿಂತಿಸಿದ್ದು ಎರಡನೆಯದರ ಬಗ್ಗೆ. ರೆಸಾರ್ಟಿನೊಳಗೆ ಅದು ಸಿಗುತ್ತದೆ ಎಂದು ಖಾತರಿಯಾದ ಮೇಲೆಯೇ ಟಿಕೆಟ್ ಬುಕ್ಕಾಯಿತು.

ಸುಮಾರು 1,200 ದ್ವೀಪಗಳ ದೇಶ. ಜನವಸತಿ ಇರುವುದು ಇನ್ನೂರರ ಆಸುಪಾಸಿನಲ್ಲಿ. ಮೊದಲ ರೆಸಾರ್ಟು ಕುರುಂಬಾ ಶುರುವಾದದ್ದು 1972ರಲ್ಲಿ. ಅಲ್ಲಿಂದೀಚೆಗೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಎಂಬುದೇ ಅಲ್ಲಿನ ಪದ್ಧತಿ. ಇಡೀ ದ್ವೀಪ ಒಬ್ಬನ ಕೈಯಲ್ಲೇ ಎಂಬ ಸಂಗತಿ ಯಜಮಾನರಿಗೆ ಬಹಳ ಹಿಡಿಸಿತು. "ಅಣ್ಣತಮ್ಮಂದಿರ ಪಾಲಿನ ಕೇಸು ಇಲ್ಲ, ಬೆದ್ದಲು ಒತ್ತುವರಿ ಇಲ್ಲ. ಸುತ್ತ ಸಮುದ್ರನೇ ಬೇಲಿ."

ಅವರ ಲೆಕ್ಕವೆಲ್ಲ ಬಾಕ್ಸಿನಲ್ಲಿ. ರಾತ್ರಿಗೆ 60 ಸಾವಿರದ ವಿಲ್ಲಾ ಎಂದರೆ ಜುಲೈ ದರದಲ್ಲಿ 30 ಬಾಕ್ಸು. ಬಾಕ್ಸು 150ಕ್ಕೆ ಬಿದ್ದರೆ ಅದೇ ರಾತ್ರಿಗೆ 400 ಬಾಕ್ಸು. ಈ ಎರಡನೇ ಲೆಕ್ಕವನ್ನು ಅವರು ಹೆಂಡತಿಗೆ ಹೇಳಲಿಲ್ಲ.

ಬೆಳಗ್ಗೆ ತಿಂಡಿ ನೀರಿನ ಮೇಲೆ ತೇಲುತ್ತ ಬಂತು. ಬಿದಿರಿನ ದೊಡ್ಡ ತಟ್ಟೆಯನ್ನು ಹುಡುಗನೊಬ್ಬ ಈಜುಕೊಳದಲ್ಲಿ ತೇಲಿಬಿಟ್ಟು ಕೈ ಮುಗಿದು ಹೋದ. ಸೊಂಟದವರೆಗೆ ನೀರಿನಲ್ಲಿ ನಿಂತ ಯಜಮಾನರು ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದರಲ್ಲಿ ಬ್ರೆಡ್ಡು ಮುರಿದರು. ಮಗಳು ಫೋಟೋ ತೆಗೆದು ಮುಗಿಸುವ ಹೊತ್ತಿಗೆ ಕಾಫಿ ತಣ್ಣಗಾಗಿ, ಆಮ್ಲೆಟ್ಟಿನ ಒಂದು ಮೂಲೆ ಕೊಳದ ಪಾಲಾಗಿತ್ತು. ಅಂಚಿನಲ್ಲಿ ಟೊಮೆಟೊ ಹೋಳುಗಳಿದ್ದವು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು, ಬೆರಳಲ್ಲಿ ಒತ್ತಿದರು. "ಗಟ್ಟಿ ಕಾಯಿ, ಬಣ್ಣ ಬರೋಕೆ ಮುಂಚೆ ಕಿತ್ತವ್ರೆ" ಎಂದು ತೀರ್ಪು ಕೊಟ್ಟು ಪಕ್ಕಕ್ಕಿಟ್ಟರು. ತರಕಾರಿಯ ಬಹುಪಾಲು ಹೊರದೇಶದಿಂದಲೇ ಬರುವ ಜಾಗ ಅದು. ದರ ಕೇಳಿದರೆ ಹುಡುಗನಿಗೆ ಗೊತ್ತಿರಲಿಲ್ಲ. ಮಂಡಿಯ ಮೊಬೈಲಿಗೆ ಫೋನು ಮಾಡಿ ಕೋಲಾರದ ದರ ಕೇಳಿಕೊಂಡ ಮೇಲೆ ಸಮಾಧಾನವಾಯಿತು.

ಸ್ಪಾದಲ್ಲಿ ಮಾಲೀಸಿಗೆ ಬೋರಲು ಮಲಗಿದರೆ ಮುಖದ ಕೆಳಗೆ ಗಾಜಿನ ನೆಲ, ಅದರ ಕೆಳಗೆ ತಿಳಿನೀರು, ಮೀನು. ಮನಸ್ಸು ಹಗುರಾಗಲಿ ಎಂದು ಮಾಡಿದ ಏರ್ಪಾಡು. ಅರ್ಧ ಗಂಟೆ ಎಣ್ಣೆ ತಿಕ್ಕಿದ ಹುಡುಗಿ ಹೇಗಿತ್ತೆಂದು ಕೇಳಿದಾಗ ಯಜಮಾನರು, "ಆ ಕರೀ ಪಟ್ಟೆಯದ್ದು ಮುಕ್ಕಾಲು ಕೆಜಿ ಬತ್ತದೆ" ಎಂದರು. ರಾಶಿ ನೋಡಿದರೆ ತೂಕ ಹೇಳುವ ಕಣ್ಣು ಸ್ಪಾದಲ್ಲೂ ಸುಮ್ಮನಿರಲಿಲ್ಲ.

ಅವರನ್ನು ನಿಜವಾಗಿ ಬೆರಗುಗೊಳಿಸಿದ್ದು ಸಮುದ್ರವೂ ಅಲ್ಲ, ಸ್ಪಾವೂ ಅಲ್ಲ, ದ್ವೀಪದ ಹಿತ್ತಲು. ಅಡಿಗೆಮನೆಯ ಹಿಂದೆ ಗಡಗಡ ಸದ್ದು ಕೇಳಿ ಹೋಗಿ ಇಣುಕಿದರೆ ಸಾಲಾಗಿ ಮಲಗಿದ ಬಿಳಿ ಕೊಳವೆಗಳು, ಮೀಟರು, ಪಂಪು. ನದಿಯೇ ಇಲ್ಲದ ದೇಶದಲ್ಲಿ ರೆಸಾರ್ಟುಗಳು ಸಮುದ್ರದ ನೀರನ್ನೇ ಒತ್ತಡದಲ್ಲಿ ಸೋಸಿ ಕುಡಿಯುತ್ತವೆ. "ಅರೆ, ಇದು ನಮ್ಮೂರ ಆರ್‌ಓ!" ಸಾವಿರದೈನೂರು ಅಡಿ ಕೊರೆದರೂ ನೀರು ಬರುತ್ತದೆಂಬ ಭರವಸೆಯಿಲ್ಲದ, ಬಂದರೆ ಜತೆಗೆ ಫ್ಲೋರೈಡೂ ಬರುವ ಜಿಲ್ಲೆಯವರು. ಊರೂರಿನ ಶುದ್ಧ ನೀರಿನ ಘಟಕದ ಮುಂದೆ ಬಿಂದಿಗೆ ಹಿಡಿದು ಬೆಳೆದವರು. ಅಲ್ಲಿದ್ದ ಕೇರಳದ ಮೆಕ್ಯಾನಿಕ್ಕಿಗೆ ಅವರು ಕೇಳಿದ ಪ್ರಶ್ನೆ, "ಐದು ರೂಪಾಯಿ ಕಾಯಿನ್ ಎಲ್ಲಿ ಹಾಕದು?" ಇಬ್ಬರೂ ಅಲ್ಲೇ ಕಟ್ಟೆ ಮೇಲೆ ಕೂತು ಮೆಂಬ್ರೇನು, ಕರೆಂಟು, ಸಂಬಳ ಎಲ್ಲ ಮಾತಾಡಿದರು. ಸೂರ್ಯಾಸ್ತ ತೋರಿಸಲು ದುಡ್ಡು ಕಟ್ಟಿದ್ದ ದೋಣಿ ಅವರನ್ನು ಬಿಟ್ಟು ಹೊರಟುಹೋಯಿತು.

ಹೊರಡುವ ದಿನ ಬಿಲ್ಲು ಬಂತು. ಬಾಡಿಗೆಯ ಮುಂದೆ ಎರಡು ಕೂಡುವ ಗುರುತು. ಒಂದು ಸೇವಾಶುಲ್ಕ, ನೂರಕ್ಕೆ ಹತ್ತು. ಇನ್ನೊಂದು ಸರಕಾರದ ತೆರಿಗೆ. ಅದರ ಮೇಲೆ ತಲೆಗಿಷ್ಟು ದಿನಕ್ಕಿಷ್ಟು ಹಸಿರು ತೆರಿಗೆ. ಜೀವಮಾನವಿಡೀ ರೈತರ ಪಟ್ಟಿಯಲ್ಲಿ ಕಮಿಷನ್, ಹಮಾಲಿ, ಬಾಕ್ಸ್ ಬಾಡಿಗೆ ಹಿಡಿದು ಬರೆದ ಕೈ ಅದು. ಹಿಡಿಸಿಕೊಳ್ಳುವ ಕಡೆ ಕೂತದ್ದು ಅದೇ ಮೊದಲು. ತಲೆ ಕೆರೆದುಕೊಂಡು ಕಟ್ಟಿದರು.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದು, ಮಾಲ್ದೀವ್ಸ್‌ನ ಕೆಲ ಉಪಸಚಿವರು ಅವರ ಬಗ್ಗೆ ಹಗುರವಾಗಿ ಮಾತಾಡಿ ಗಲಾಟೆಯಾದಾಗ ಯಜಮಾನರ ವಾಟ್ಸಾಪ್ ಸ್ಟೇಟಸ್ಸು ರಾತ್ರೋರಾತ್ರಿ ಬದಲಾಯಿತು. ತೇಲುವ ತಿಂಡಿಯ ಜಾಗದಲ್ಲಿ ಲಕ್ಷದ್ವೀಪ. ಅಲ್ಲಿಗೆ ಹೋಗಲು ಪರ್ಮಿಟ್ ಬೇಕು ಎಂದು ತಿಳಿದ ಮೇಲೆ ದೇಶಭಕ್ತಿ ಸ್ಟೇಟಸ್ಸಿನಲ್ಲೇ ಉಳಿಯಿತು. ತೇಲುವ ತಿಂಡಿ ಬೇಸಗೆ ಹೊತ್ತಿಗೆ ಮರಳಿ ತೇಲಿತು.

ಈಗ ಅವರಿಗೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಅಂಥದ್ದೇ ವಿಲ್ಲಾ ಕಟ್ಟುವ ಹುಚ್ಚು. ಕೆಲಸ ಅರ್ಧ ಆಗಿದೆ. ಗರಿಯ ಮಾಡು ಬಂದಿದೆ, ಕಂಬಗಳ ಮೇಲೆ ಮರದ ಸೇತುವೆ ಬಂದಿದೆ, ಕೆಳಗೆ ಕೊಳವೂ ಬಂದಿದೆ. ನೀರು ಮಾತ್ರ ಟ್ಯಾಂಕರಿನಲ್ಲಿ ಬರಬೇಕು. ಮುಳಬಾಗಿಲಿನ ದೋಸೆ ಭಟ್ಟನೊಬ್ಬನನ್ನು ಗೊತ್ತುಮಾಡಿ, ದೋಸೆಯನ್ನೂ ತೇಲಿಸುವ ಯೋಜನೆ ಇದೆ. ಗರಿಗರಿ ದೋಸೆ ನೀರಾವಿಗೆ ಮೆತ್ತಗಾಗುತ್ತದೆ ಎಂದು ಭಟ್ಟ ಒಪ್ಪಿಲ್ಲ. ಭಟ್ಟನ ಮಾತೇ ಸರಿ.

ಖರ್ಚಿಗೆ ತೋಪಿನ ಫಸಲನ್ನೇ ನಂಬಿದ್ದರು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿ ಶ್ರೀನಿವಾಸಪುರ ಬಂದ್ ಆಯಿತು. ಕೊನೆಗೆ ಕೇಂದ್ರ ಸರಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಕಟ್ಟಿತು. ಅದೇ ವರ್ಷದ ಜನವರಿಯಿಂದ ಮಾಲ್ದೀವ್ಸ್ ರೆಸಾರ್ಟುಗಳ ಹಸಿರು ತೆರಿಗೆ ತಲೆಗೆ ದಿನಕ್ಕೆ 12 ಡಾಲರ್ ಆಗಿದೆ. ಗಂಡ ಹೆಂಡತಿಯ ಒಂದು ದಿನದ ತೆರಿಗೆ ಕಟ್ಟಲು ಒಂದು ಕ್ವಿಂಟಲ್ ತೋತಾಪುರಿ ಸಾಲದು.